ತಳವಿಲ್ಲದ ಬುಟ್ಟಿ

ನಮ್ಮ ಕಡೆ ‘ಕ್ಯಾಂಪ್’ ಎಂಬ ಶಬ್ದವನ್ನು ಜೋಪಾನವಾಗಿ ಬಳಸಬೇಕು. ಬೆಂಗಳೂರಿನಲ್ಲಿ ಯಾರಾದರೂ ಮಕ್ಕಳಿಗಾಗಿ ಕ್ಯಾಂಪ್ ನಡೆಸುತ್ತೇವೆಂದರೆ ಎದುರಿನವರು ‘ಫೀಜು ಎಷ್ಟು?’ ಎಂದು ಕೇಳುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಶಹಾಪುರದಲ್ಲಿ ಹಾಗಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆ ಬಂದಂದಿನಿಂದ ಆ ಯೋಜನೆಯ ವಸಾಹತುಗಳೆಲ್ಲ ನಮ್ಮವರ ಬಾಯಲ್ಲಿ ಕ್ಯಾಂಪುಗಳೇ, ಭೀಮರಾಯನಗುಡಿಯೂ ಕ್ಯಾಂಪು. ಕಾಲುವೆಯಲ್ಲಿ ನೀರು ಹರಿದ ಮೇಲೆ ಭತ್ತ ಬೆಳೆಯಲೆಂದು ಆಂಧ್ರದ ಕಡೆಯಿಂದ ಬಂದ ರೈತರ ಬಿಡಾರಗಳೂ ಕ್ಯಾಂಪುಗಳೇ. ಇವುಗಳ ಜೊತೆಗೆ ಕಣ್ಣಿನ ಕ್ಯಾಂಪು, ರಕ್ತದಾನದ ಕ್ಯಾಂಪು ಬೇರೆ. ಆದುದರಿಂದ ಕಳೆದ ಬೇಸಿಗೆಯಲ್ಲಿ, ‘ಹತ್ತು ದಿನದ ಬ್ಯಾಸ್ಕೆಟ್‌ಬಾಲ್ ಕ್ಯಾಂಪ್ ನಡೆಸುವವನಿದ್ದೇನೆ’ ಎಂದು ನೆರೆಯ ಹಿರಿಯರೊಬ್ಬರಿಗೆ ನಾನು ಸಂಭ್ರಮದಿಂದ ತಿಳಿಸಿದಾಗ, ಅವರು ಬಹಳ ಹೊತ್ತು ಯೋಚಿಸಿ, “ಅದು ಯಾ ಕಾಲುವಿ ಮ್ಯಾಲ ಬರ್ತದ್ರೀ?” ಎಂದು ಕೇಳಿದರು.

ನಾನು ಹುಟ್ಟಿದ್ದು ಸುರಪುರದಲ್ಲಿ. ಅನ್ನ ಹುಡುಕಿಕೊಂಡು ಹೋದದ್ದು ಬೆಂಗಳೂರಿಗೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಪರರ ಹಣವನ್ನು ಎಣಿಸಿ ನಿವೃತ್ತನಾದವನು. ಪ್ರಾಯದಲ್ಲಿ ಕೆಲವು ವರ್ಷ ಬ್ಯಾಂಕಿನ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದುಂಟು. ಆಡಿದ್ದುಂಟು ಎಂದರೆ, ಐವರಲ್ಲಿ ಒಬ್ಬರ ಕಾಲು ಉಳುಕಿದಾಗ ಬೆಂಚಿನಿಂದ ಏಳುತ್ತಿದ್ದೆ. ಈ ಸೂಕ್ಷ್ಮವನ್ನು ಊರಿನವರಿಗೆ ನಾನು ಬಿಡಿಸಿ ಹೇಳಿರಲಿಲ್ಲ. ಶಹಾಪುರದಲ್ಲಿ ಮಾಸ್ತರನಾಗಿರುವ ನನ್ನ ತಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

“ಅಣ್ಣಾ, ಹುಡುಗೂರು ಬ್ಯಾಸಗಿ ಸೂಟ್ಯಾಗ ಸುಮ್ಮನ ತಿರಗತಾವ. ನೀ ಬಂದು ಆಟ ಕಲಸು. ನಮ್ಮ ಸಾಲ್ಯಾಗ ಅಂಗಳ ಅದ, ಕಂಬ ಅದಾವ, ಚೆಂಡಷ್ಟ ಇಲ್ಲ” ಎಂದು ಫೋನಿನಲ್ಲಿ ಹೇಳಿದ.

ಹೋಗಿ ನೋಡಿದರೆ ಕಾಂಕ್ರೀಟಿನ ಅಂಗಳವೇನೋ ಇದ್ದಿತು. ಎರಡು ಕಂಬಗಳೂ ಇದ್ದುವು. ಒಂದಕ್ಕೆ ಹಲಗೆ ಇರಲಿಲ್ಲ, ಇನ್ನೊಂದಕ್ಕೆ ಬಳೆ ಇರಲಿಲ್ಲ. ಎರಡನ್ನೂ ಕೂಡಿಸಿದರೆ ಒಂದು ಕಂಬವಾಗುವಂತಿತ್ತು. ಒಪ್ಪಿಕೊಂಡಾಗಿದೆ, ಇನ್ನು ಹಿಂದೆಗೆಯುವಂತಿಲ್ಲ. ಅಣ್ಣ ತಮ್ಮಂದಿರು ಒಂದು ನೋಟುಬುಕ್ಕು ತೆರೆದು ಕುಳಿತೆವು.

ಮೊದಲ ಪ್ರಶ್ನೆ ಸ್ಥಳದ್ದು. ಶಹಾಪುರದ ಮಕ್ಕಳಷ್ಟೇ ಏಕೆ, ಯಾದಗಿರಿಯವರೂ ಸುರಪುರದವರೂ ಬರಲಿ ಎಂದು ನಾವು ಉದಾರವಾಗಿ ತೀರ್ಮಾನಿಸಿಬಿಟ್ಟಿದ್ದೆವು. ಆದರೆ ಈ ಮೂರು ಊರುಗಳಲ್ಲಿ ಒಂದನ್ನು ಆರಿಸಿದರೆ ಉಳಿದೆರಡಕ್ಕೆ ಮುನಿಸು ಬರುವುದು ಹಳೆಯ ರೂಢಿ. ಯಾದಗಿರಿಗೆ ಬೆಟ್ಟದ ಮೇಲೆ ಕೋಟೆ ಇದೆ, ಮುಂಬಯಿ–ಮದರಾಸು ಮಾರ್ಗದ ರೈಲು ನಿಲ್ಲುತ್ತದೆ. 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವೂ ಆಗಿದೆ. ಸುರಪುರದವರು, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಊರು ತಮ್ಮದು, ಮೆಡೋಸ್ ಟೇಲರ್ ಸಾಹೇಬ ಇದ್ದ ಬಂಗಲೆ ತಮ್ಮ ಗುಡ್ಡದ ಮೇಲಿದೆ ಎಂದು ನೆನಪಿಸುತ್ತಾರೆ. ಶಹಾಪುರದವರು ಮಾತನಾಡದೆ, ಬುದ್ಧ ಮಲಗಿದಂತೆ ಕಾಣುವ ತಮ್ಮ ಬೆಟ್ಟದ ಕಡೆಗೆ ಕೈತೋರಿಸುತ್ತಾರೆ. ಕೊನೆಗೆ ಇತಿಹಾಸವನ್ನು ಬದಿಗಿಟ್ಟು ಭೂಗೋಳವನ್ನು ಆಶ್ರಯಿಸಿದೆವು. ಯಾದಗಿರಿಯಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಶಹಾಪುರ ನಡುವೆ ಬರುತ್ತದೆ; ಎರಡು ಕಡೆಯ ಬಸ್ಸುಗಳೂ ಅಲ್ಲಿ ನಿಲ್ಲುತ್ತವೆ. ಹೆಣ್ಣುಮಕ್ಕಳಿಗಂತೂ 2023ರ ಜೂನಿನಿಂದ ‘ಶಕ್ತಿ’ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಯಾದಗಿರಿಯ ಹುಡುಗರು ಶಾಲೆಯ ಕೋಣೆಯಲ್ಲೇ ಮಲಗಬೇಕು. ಸುರಪುರದ ಹುಡುಗಿಯರನ್ನು ಅಲ್ಲಿನ ವ್ಯಾಯಾಮ ಶಿಕ್ಷಕಿಯೊಬ್ಬರು ಮೊದಲ ಬಸ್ಸಿಗೆ ಕರೆತರಬೇಕು. ಒಟ್ಟು ನಲವತ್ತು ಮಕ್ಕಳು, ಗಂಡು ಇಪ್ಪತ್ತು, ಹೆಣ್ಣು ಇಪ್ಪತ್ತು. ಯಾದಗಿರಿಯ ಕಾಲೇಜಿನಲ್ಲಿ ಆಡುತ್ತಿದ್ದ ಇಬ್ಬರು ತರುಣರು ಸಹಾಯಕ್ಕೆ ಒಪ್ಪಿದರು. ಎಂಟು ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಿಲ್ಲದೆ ಶಿಬಿರ ನಡೆಸಬಾರದು. ನಡೆಸಿದರೆ ಅದು ಶಿಬಿರವಲ್ಲ, ಸಂತೆ.

ಎರಡನೆಯ ಪ್ರಶ್ನೆ ಸೂರ್ಯನದು. ನಮ್ಮ ಬಿಸಿಲಿನ ಪ್ರತಾಪವನ್ನು ಬೆಂಗಳೂರಿನ ವಾಚಕರಿಗೆ ಒಂದೇ ಮಾತಿನಲ್ಲಿ ತಿಳಿಸಬಹುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕಿಕೊಳ್ಳುತ್ತವೆ. ಸರ್ಕಾರವೇ ಬಿಸಿಲಿಗೆ ಶರಣಾದ ಮೇಲೆ ನಾವು ಯಾವ ಲೆಕ್ಕ? ಬೆಳಿಗ್ಗೆ 6.30ರಿಂದ 8.30, ಸಂಜೆ 5ರಿಂದ 6.30 ಎಂದು ಬರೆದುಕೊಂಡೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರೂ ನೀರು ಕುಡಿಯತಕ್ಕದ್ದು, ಬಾಯಾರಿಕೆ ಇರಲಿ ಬಿಡಲಿ. ಒಂದು ಲೀಟರ್ ಶುದ್ಧವಾದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆಗೊರೆದು ತುಂಬಿದ್ದಿರಬೇಕು. ಈ ಪಾನಕವನ್ನು ದೊಡ್ಡ ಹಂಡೆಯಲ್ಲಿ ಕದಡಿಡುವ ಭಾರ ನಮ್ಮ ಮನೆಯಾಕೆಯದು. ಫಲಾಹಾರಕ್ಕೆ ಒಂದು ದಿನ ಉಪ್ಪಿಟ್ಟು, ಒಂದು ದಿನ ಸೂಸಲ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ. ಮೊಟ್ಟೆ ಒಲ್ಲದವರಿಗೆ ಶೇಂಗಾ ಬೆಲ್ಲ.

ಮೂರನೆಯದು ಸಾಮಾನು. ಪೂರ್ಣ ಅಂಗಳಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಬೇಕು. ನಮ್ಮಲ್ಲಿ ಅಗಲ ಸಾಕಷ್ಟಿತ್ತು, ಉದ್ದ ಸಾಲದು. ಇದ್ದಷ್ಟರಲ್ಲಿ ಸುಣ್ಣದ ಗೆರೆ ಎಳೆದೆವು. ನೆಲದಿಂದ ಬಳೆಗೆ 3.05 ಮೀಟರ್, ಅಂದರೆ ಹತ್ತು ಅಡಿ. ಆದರೆ ಹನ್ನೆರಡರೊಳಗಿನ ಮಕ್ಕಳಿಗೆ 2.60 ಮೀಟರೇ ಸರಿ. ‘ಮಿನಿ ಬ್ಯಾಸ್ಕೆಟ್‌ಬಾಲ್’ ಎಂದು ಅದಕ್ಕೆ ಬೇರೆ ನಿಯಮಗಳೇ ಇವೆ. ಎತ್ತರದ ಬಳೆಗೆ ಎಸೆಯಲು ಹೋಗಿ ಎಳೆಯ ಮಕ್ಕಳು ಚೆಂಡನ್ನು ಭುಜದ ಹಿಂದಿನಿಂದ ಕಲ್ಲೆಸೆದಂತೆ ಎಸೆಯುವುದನ್ನು ಕಲಿಯುತ್ತಾರೆ. ಒಮ್ಮೆ ಕೂತ ಆ ಚಾಳಿ ಮತ್ತೆ ಬಿಡದು. ವೆಲ್ಡಿಂಗ್ ಅಂಗಡಿಯಾತನಿಗೆ ಇದನ್ನು ವಿವರಿಸಿದಾಗ ಆತ ಕಂಬಕ್ಕೆ ಮೇಲೊಂದು ಕೆಳಗೊಂದು ಎರಡು ಜೊತೆ ತೂತು ಕೊರೆದು, ಬೇಕಾದ ಎತ್ತರಕ್ಕೆ ಬೋಲ್ಟು ಹಾಕುವ ಉಪಾಯ ಮಾಡಿಕೊಟ್ಟ. ಓಡಿಬಂದ ಮಕ್ಕಳ ಹಣೆಗೆ ಪೆಟ್ಟಾಗದಿರಲೆಂದು ಕಂಬಗಳಿಗೆ ಹಳೆಯ ಗಾದಿ ಸುತ್ತಿ ಹಗ್ಗ ಬಿಗಿದೆವು.

ಚೆಂಡುಗಳಿಗೂ ಅಂಕೆಗಳಿವೆ: ಗಂಡಸರಿಗೆ 7, ಹೆಂಗಸರಿಗೆ 6, ಚಿಕ್ಕ ಮಕ್ಕಳಿಗೆ 5. ಇಬ್ಬರಿಗೊಂದರಂತೆ ಇಪ್ಪತ್ತು ಬೇಕೆಂದು ಬರೆದಿದ್ದೆವು. ಹಳೆಯ ಗೆಳೆಯರಿಂದ ಬೇಡಿ ತಂದವು ಎಂಟು, ಕೊಂಡವು ಆರು, ಒಟ್ಟು ಹದಿನಾಲ್ಕಾದುವು. ಅಂಗಳದ ಮೂರು ಕಡೆಯೂ ಬಳ್ಳಾರಿ ಜಾಲಿ ಬೆಳೆದಿತ್ತು. ಅದರ ಮುಳ್ಳು ಸೈಕಲ್ಲಿನ ಟಯರಿಗೆ ಹೇಗೋ ಚೆಂಡಿಗೂ ಹಾಗೆಯೇ. ಅದನ್ನು ಕಡಿಸುವುದಕ್ಕೇ ಎರಡು ದಿನ ಹಿಡಿಯಿತು.

ನಾಲ್ಕನೆಯ ಬಾಬು ಸಮಾರೋಪ ಸಮಾರಂಭ. ಹತ್ತನೆಯ ದಿನ ಅಂತಿಮ ಪಂದ್ಯ, ಮುಖ್ಯ ಅತಿಥಿಗಳು, ಪ್ರಮಾಣಪತ್ರ, ಶಾಮಿಯಾನ, ಶಾಲು, ಹಾರ. ಕೂಡಿಸಿ ನೋಡಿದರೆ ಇದರ ಅಂದಾಜು ಚೆಂಡುಗಳ ಬೆಲೆಯನ್ನು ಮೀರಿತ್ತು. ಬ್ಯಾಂಕಿನಲ್ಲಿದ್ದಾಗ ಇಂಥ ಅಂದಾಜು ಕಂಡರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದವನು ನಾನು. ಇಲ್ಲಿ ಮಾತ್ರ ಸುಮ್ಮನಾದೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರೂ ಅಚ್ಚಾಗುವುದಿತ್ತಲ್ಲ!

ಮೊದಲ ದಿನ ಮಕ್ಕಳು ಬಂದಾಗ ಬಳೆಯ ಬೆಸುಗೆ ಇನ್ನೂ ನಡೆದಿತ್ತು. ಹೊತ್ತು ಕಳೆಯಲು ಎಲ್ಲರನ್ನೂ ಕುಳ್ಳಿರಿಸಿ ಆಟ ಹುಟ್ಟಿದ ಕತೆ ಹೇಳಿದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹೊರಗೆ ಕಡುಚಳಿ. ಅಲ್ಲಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಹದಿನೆಂಟು ಜನ ತುಂಟ ವಿದ್ಯಾರ್ಥಿಗಳು ಒಳಗೆ ಕೂತು ಬೇಸತ್ತಿದ್ದರು. ಅವರ ಶಿಕ್ಷಕ ಜೇಮ್ಸ್ ನೈಸ್ಮಿತ್ ಎಂಬಾತ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲ್ಗಡೆಯ ಕಟಾಂಜನಕ್ಕೆ ಬಡಿದು, ಹದಿಮೂರು ನಿಯಮ ಬರೆದು, ಒಂಬತ್ತೊಂಬತ್ತು ಜನರಂತೆ ಆಡಿಸಿದ. ಆ ಕಟಾಂಜನ ಹತ್ತಡಿ ಎತ್ತರದಲ್ಲಿತ್ತು. ಅದಕ್ಕೇ ಇಂದಿಗೂ ಬಳೆ ಹತ್ತಡಿಯಲ್ಲಿದೆ. ಬುಟ್ಟಿಗೆ ತಳವಿತ್ತು. ಚೆಂಡು ಒಳಗೆ ಬಿದ್ದರೆ ಯಾರಾದರೂ ಏಣಿ ಹತ್ತಿ ತೆಗೆಯಬೇಕು. ಅಲ್ಲಿಯವರೆಗೆ ಆಟ ನಿಂತಿರಬೇಕು. ತಳವಿಲ್ಲದ ಬಲೆ ಬಂದದ್ದು ಎಷ್ಟೋ ವರ್ಷಗಳ ತರುವಾಯ. ನಮ್ಮ ದೇಶಕ್ಕೂ ಈ ಆಟವನ್ನು ತಂದದ್ದು ವೈ.ಎಂ.ಸಿ.ಎ.ಯೇ. ಹ್ಯಾರಿ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ವಿದ್ಯಾಲಯದಲ್ಲಿ ಕಲಿತುಬಂದ ಡ್ರಿಲ್ ಮಾಸ್ತರರು ಇಂಥ ಆಟಗಳನ್ನು ಶಾಲೆಗಳಿಗೆ ಒಯ್ದರು. 1950ರಲ್ಲಿ ಭಾರತದ ಫೆಡರೇಷನ್ ಹುಟ್ಟಿತು. 1980ರಲ್ಲಿ ನಮ್ಮ ಪುರುಷರ ತಂಡ ಮಾಸ್ಕೋ ಒಲಿಂಪಿಕ್ಸಿನಲ್ಲಿ ಆಡಿತು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ಪಿನಲ್ಲಿ ಭಾರತದ ಹೆಣ್ಣುಮಕ್ಕಳು ‘ಬಿ’ ವಿಭಾಗವನ್ನು ಗೆದ್ದರು. ನಾನು ಗ್ಯಾಲರಿಯಲ್ಲಿ ಕೂತು ಕೂಗಿ ಕೂಗಿ ಗಂಟಲು ಕಳೆದುಕೊಂಡಿದ್ದೆ ಎಂದಾಗ ಹುಡುಗಿಯರು ನಕ್ಕರು.

ಹೀಗೆ ನಕ್ಕ ಹುಡುಗಿಯರು ಮೊದಲ ದಿನ ಹದಿನೇಳು ಜನರಿದ್ದರು. ಎರಡನೆಯ ದಿನ ಹನ್ನೊಂದಾದರು. ಮೂರನೆಯ ದಿನ ಐದೇ ಜನ.

ನನಗೆ ಸಿಟ್ಟು ಬಂದಿತು. ಇಷ್ಟೆಲ್ಲ ಏರ್ಪಾಡು ಮಾಡಿದರೂ ಈ ಕಡೆಯ ಜನರಿಗೆ ಹೆಣ್ಣುಮಕ್ಕಳು ಆಡುವುದು ಬೇಡವಾಗಿದೆ ಎಂದು ರಾತ್ರಿ ಊಟದ ಹೊತ್ತಿನಲ್ಲಿ ದೊಡ್ಡ ಭಾಷಣವನ್ನೇ ಮಾಡಿದೆ. ಮನೆಯಾಕೆ ರೊಟ್ಟಿ ಬಡಿಸುತ್ತ ಎಲ್ಲವನ್ನೂ ಕೇಳಿ, “ಜನರನ್ನ ಯಾಕ ಬೈತೀರಿ? ನಿಮ್ಮ ಸಾಲಿ ಸಂಡಾಸಕ್ಕ ಚಿಲಕ ಅದ ಏನು, ನೋಡೀರೇನು?” ಎಂದಳು.

ನೋಡಿರಲಿಲ್ಲ. ನಮ್ಮ ನೋಟುಬುಕ್ಕಿನಲ್ಲಿ ಬಳೆಯ ವ್ಯಾಸ ಸೆಂಟಿಮೀಟರುಗಳಲ್ಲಿ ಇದ್ದಿತು, ಚಿಲಕದ ಮಾತಿರಲಿಲ್ಲ. ಮರುದಿನ ಆಕೆಯೂ ಸುರಪುರದ ಶಿಕ್ಷಕಿಯೂ ಮಕ್ಕಳ ಮನೆಗಳಿಗೆ ಹೋಗಿ ಬಂದರು. ಆಟ ಬೇಡವೆಂದವರು ಎರಡೇ ಮನೆಯವರು. ಉಳಿದವರ ಕಾರಣಗಳು ಬೇರೆ. ಸಂಜೆ ಆರೂವರೆಗೆ ಬಿಟ್ಟರೆ ಸುರಪುರದ ಹುಡುಗಿಯರು ಮನೆ ಮುಟ್ಟುವಾಗ ಕತ್ತಲೆ. ಆಡುವಾಗ ಹಾಕಿಕೊಳ್ಳಲು ಏನು ತರಬೇಕೆಂದು ಯಾರೂ ಹೇಳಿರಲಿಲ್ಲ. ಚಡ್ಡಿ ಕಡ್ಡಾಯವೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಗೋಡೆಯ ಮೇಲೆ ಕೂತು ಸೀಟಿ ಹಾಕುವ ಪೋಕರಿಗಳಿದ್ದರು. ಮತ್ತು ಚಿಲಕ.

ಅಂದೇ ವೇಳಾಪಟ್ಟಿಯನ್ನು ಹರಿದೆವು. ಬೆಳಗಿನ ಅಂಗಳ ಪೂರ್ತಿ ಹುಡುಗಿಯರಿಗೆ, ಸಂಜೆಯದು ಹುಡುಗರಿಗೆ. ಚೂಡಿದಾರವೋ ಪೈಜಾಮವೋ, ಓಡಲು ಬಂದರೆ ಸರಿ. ಮನೆಯವರು ಯಾರೇ ಬಂದರೂ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಡುವುದು. ಗೋಡೆಯ ಮೇಲಿನವರನ್ನು ನನ್ನ ತಮ್ಮ ಒಳಗೆ ಕರೆದು ನೀರು ಹೊರುವ ಕೆಲಸಕ್ಕೆ ಹಚ್ಚಿದ. ಮರುದಿನದಿಂದ ಗೋಡೆ ಖಾಲಿಯಾಯಿತು. ಚಿಲಕವನ್ನು ನಾನೇ ಕೊಂಡು ತಂದು ಜಡಿದೆ. ಇಡೀ ಶಿಬಿರದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತವಾದ ಕೆಲಸ ಅದೇ ಇರಬಹುದು. ಐದನೆಯ ದಿನ ಹದಿನೈದು ಹುಡುಗಿಯರು ಬಂದರು.

ಅವರಲ್ಲಿ ಒಬ್ಬಳ ಜೊತೆಗೆ ಆಕೆಯ ಆಯಿಯೂ ಬಂದಳು. ಅಜ್ಜಿಗೆ ನಮ್ಮ ಕಡೆ ಆಯಿ ಎನ್ನುತ್ತಾರೆ. ಹುಡುಗಿಗೆ ಹದಿಮೂರು ವರ್ಷ, ಎಂಟನೆಯ ತರಗತಿ ಮುಗಿಸಿದ್ದಳು. ತಂದೆ ತಾಯಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರು. ಇಲ್ಲಿ ಆಯಿಯೊಬ್ಬಳೇ ದಿಕ್ಕು. ಹುಡುಗಿ ಎತ್ತರವಿರಲಿಲ್ಲ. ಆದರೆ ಕಾಲಿನ ಚಳಕ ಆಕೆಗೆ ಹುಟ್ಟಿನಿಂದಲೇ ಬಂದಂತಿತ್ತು. ಈ ಆಟದಲ್ಲಿ ಚೆಂಡು ಹಿಡಿದು ನಿಂತವರು ಒಂದು ಕಾಲನ್ನು ನೆಲದಲ್ಲಿ ನೆಟ್ಟು, ಇನ್ನೊಂದನ್ನು ಮಾತ್ರ ಎತ್ತಿ ಸುತ್ತಲೂ ತಿರುಗಬಹುದು. ನೆಟ್ಟ ಕಾಲು ಕದಲಿದರೆ ತಪ್ಪು. ಹಾಗೆಯೇ ಬಳೆಯ ಕಡೆಗೆ ನುಗ್ಗಿ ಎಸೆಯುವಾಗ ಚೆಂಡು ಹಿಡಿದು ಎರಡೇ ಹೆಜ್ಜೆ. ಇದನ್ನು ಕಲಿಸಲು ಕೋಚುಗಳು ವಾರಗಟ್ಟಲೆ ಹೆಣಗುತ್ತಾರೆ. ನಾನೂ ಹೆಣಗುತ್ತಿದ್ದಾಗ ಈ ಹುಡುಗಿ ಸುಣ್ಣದ ತುಂಡು ತೆಗೆದುಕೊಂಡು ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳಂತೆ ಎರಡು ಚೌಕ ಬರೆದು, “ಇದರಾಗ ಒಂದು, ಅದರಾಗ ಒಂದು, ಆಮ್ಯಾಲ ಹಾರೂದು. ಹೌದಲ್ರೀ ಸರ?” ಎಂದಳು. ಅರ್ಧ ಗಂಟೆಯಲ್ಲಿ ಹದಿನೈದು ಜನರೂ ಸರಿಯಾಗಿ ಹಾರುತ್ತಿದ್ದರು. ಸಂಜೆ ಹುಡುಗರಿಗೂ ಅದೇ ಚೌಕಗಳಲ್ಲಿ ಕಲಿಸಿದೆ. ಯಾರ ಉಪಾಯವೆಂದು ಮಾತ್ರ ಹೇಳಲಿಲ್ಲ.

ಆಯಿ ಬೆಳಿಗ್ಗೆ ಸರಿಯಾಗಿ ಆರೂವರೆಗೆ ಬಂದು ಬೇವಿನ ಕೆಳಗೆ ಕೂಡುತ್ತಿದ್ದಳು. ಕುರ್ಚಿ ಒಲ್ಲಳು, ನೆಲವೇ ಆಗಬೇಕು. ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ನನ್ನನ್ನು ಕರೆದು ಬಳೆಯ ಕಡೆಗೆ ಬೆರಳು ತೋರಿಸಿದಳು.

“ಯಪ್ಪಾ, ಅದಕ್ಕ ಏನಂತಾರ?”

“ಬುಟ್ಟಿ ಅಂತಾರ ಆಯಿ.”

“ನಾ ಬುಟ್ಟಿ ಕಂಡೀನಿ. ಕಾಲುವಿ ಅಗಿಯೂ ಕೆಲಸದಾಗ ಎಷ್ಟು ಬುಟ್ಟಿ ಮಣ್ಣ ಹೊತ್ತೀನಿ, ಲೆಕ್ಕ ಇಲ್ಲ. ತಳ ಇಲ್ಲದ ಬುಟ್ಟ್ಯಾಗ ಏನು ನಿಂತೀತು?”

ನಾನು ನಕ್ಕು, ‘ಆಟ ಆಯಿ ಇದು’ ಎಂದು ಏನೋ ಹೇಳಿ ಜಾರಿಕೊಂಡೆ. ಆದರೆ ಆ ಮಾತು ಜಾರಲಿಲ್ಲ. ನಾರಾಯಣಪುರದ ಅಣೆಕಟ್ಟಿನಿಂದ ಹೊರಟ ಎಡದಂಡೆ ಕಾಲುವೆಯ ಮಣ್ಣನ್ನು ತಲೆಯ ಮೇಲೆ ಹೊತ್ತವಳು ಈ ಮುದುಕಿ. ಆ ನೀರು ಎಷ್ಟೋ ಹೊಲಗಳಲ್ಲಿ ಭತ್ತವಾಯಿತು, ಹತ್ತಿಯಾಯಿತು. ಕಾಲುವೆಗಿಂತ ಎತ್ತರದಲ್ಲಿದ್ದ ಆಕೆಯ ಎರಡೆಕರೆಗೆ ಹತ್ತಲಿಲ್ಲ. ಅದಕ್ಕೇ ಮಗ ಸೊಸೆ ಗುಳೆ ಹೋಗಬೇಕಾಯಿತು. ಇಂಥವಳ ಮುಂದೆ ಹತ್ತು ದಿನದ ಶಿಬಿರದಲ್ಲಿ ಏನು ನಿಲ್ಲುತ್ತದೆಂದು ಉತ್ತರ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ, ಆಟ ಮುಗಿದ ಮೇಲೆ, ಹುಡುಗಿ ಚೆಂಡುಗಳನ್ನು ಎಣಿಸಿ ಚೀಲಕ್ಕೆ ತುಂಬುತ್ತಿದ್ದಳು. ಆ ಕೆಲಸವನ್ನು ಆಕೆ ತಾನಾಗಿಯೇ ವಹಿಸಿಕೊಂಡಿದ್ದಳು. ಹದಿನಾಲ್ಕೂ ಸೇರುವವರೆಗೆ ಮನೆಗೆ ಹೋಗುತ್ತಿರಲಿಲ್ಲ. ಅಂತಿಮ ಪಂದ್ಯಕ್ಕೆ ಆಕೆಯನ್ನು ಒಂದು ತಂಡದ ನಾಯಕಿಯನ್ನಾಗಿ ಮಾಡಿದ್ದೆ.

“ಸರ, ಮ್ಯಾಚು ನಾಳಿ ಮುಂಜಾನಿ ಆಡಸಾಕ ಬರ್ತದೇನ್ರೀ?”

“ಯಾಕ?”

“ಅಪ್ಪ ಫೋನ್ ಮಾಡಿದ್ದ್ರೀ. ನಾಳಿ ರಾತ್ರಿ ಯಾದಗಿರಿಂದ ಗಾಡಿ. ನಮ್ಮ ಓಣಿಯವರು ಹೊಂಟಾರ, ಅವರ ಸಂಗಡ ಬಾ ಅಂದಾನ. ತಮ್ಮನ್ನ ನೋಡ್ಕೊಳ್ಳಾಕ ಯಾರೂ ಇಲ್ಲಂತ್ರೀ.”

ಪಂದ್ಯವನ್ನು ಒಂದು ದಿನ ಮುಂಚೆ ಆಡಿಸುವುದಕ್ಕೆ ಏನು ಅಡ್ಡಿಯಿತ್ತು? ಅಂಗಳ ಇತ್ತು, ಚೆಂಡು ಇತ್ತು, ಹತ್ತು ಹುಡುಗಿಯರಿದ್ದರು. ಆದರೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಹಂಚಿಯಾಗಿತ್ತು. ಮುಖ್ಯ ಅತಿಥಿಗಳು ಬರುವುದು ಹತ್ತನೆಯ ದಿನ. “ಹಂಗ ಹೆಂಗ ಬದಲಿ ಮಾಡಾಕ ಬರ್ತದ, ತಂಗಿ? ಎಲ್ಲಾ ಗೊತ್ತಾಗೇದ. ಮುಂದಿನ ವರ್ಷ ಆಡೂವಂತಿ” ಎಂದೆ.

“ಹೂನ್ರೀ ಸರ” ಎಂದಳು. ಅಷ್ಟೇ. ಅಳಲಿಲ್ಲ, ಎರಡನೆಯ ಸಲ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಬಂದು ಎಂದಿನಂತೆ ಆಡಿ, ಹದಿನಾಲ್ಕು ಚೆಂಡು ಎಣಿಸಿ ಚೀಲದ ಬಾಯಿ ಕಟ್ಟಿ ಹೋದಳು.

ಹತ್ತನೆಯ ದಿನ ಬಂದಿತು. ಏಳು ಗಂಟೆಗೆ ಬರಬೇಕಾಗಿದ್ದ ಅತಿಥಿಗಳು ಎಂಟೂವರೆಗೆ ದಯಮಾಡಿಸಿದರು. ಹಾರ, ಶಾಲು, ಸ್ವಾಗತ, ಪ್ರಾಸ್ತಾವಿಕ ನುಡಿ ಮುಗಿಯುವಾಗ ಒಂಬತ್ತು ದಾಟಿ ಅಂಗಳ ಹೆಂಚಿನಂತೆ ಕಾದಿತ್ತು. ಇಂಥ ಬಿಸಿಲಿನಲ್ಲಿ ಮಕ್ಕಳು ಆಡಕೂಡದೆಂದು ನೋಟುಬುಕ್ಕಿನಲ್ಲಿ ಬರೆದವನು ನಾನೇ. ಆದುದರಿಂದ ಹುಡುಗಿಯರ ಅಂತಿಮ ಪಂದ್ಯವನ್ನು ಐದು ನಿಮಿಷಕ್ಕೆ, ಹುಡುಗರದನ್ನು ಐದು ನಿಮಿಷಕ್ಕೆ ಇಳಿಸಿದೆವು. ಹತ್ತು ದಿನಗಳ ತಯಾರಿಯೆಲ್ಲ ಆ ಐದು ನಿಮಿಷದಲ್ಲಿ ತೀರಿತು. ನಾಯಕಿಯಿಲ್ಲದ ತಂಡ ಯಾವ ಕಡೆ ಓಡಬೇಕೆಂದು ತಿಳಿಯದೆ ನಾಲ್ಕು ಅಂಕಗಳಿಂದ ಸೋತಿತು. ಪ್ರಮಾಣಪತ್ರಗಳನ್ನು ಹಂಚಿದಾಗ ಒಂದು ನನ್ನ ಕೈಯಲ್ಲೇ ಉಳಿಯಿತು.

ಅಂದು ಸಂಜೆ ಆಯಿ ಮನೆಯವರೆಗೆ ನಡೆದು ಬಂದಳು, ಕೈಯಲ್ಲಿ ಮೊಬೈಲು. “ಬೆಂಗಳೂರಿಂದ ಮಾತಾಡ್ತದಂತ ನೋಡ್ರಿ” ಎಂದು ನನಗೆ ಕೊಟ್ಟಳು. ಆಚೆ ಕಡೆಯಿಂದ ಮಗುವೊಂದು ಅಳುವ ಸದ್ದು, ಯಾವುದೋ ಯಂತ್ರದ ಗಿರಗಿರ, ಅದರ ನಡುವೆ ಹು಺ಡುಗಿಯ ದನಿ: “ಸರ, ಯಾರು ಗೆದ್ರ್ಯಾ? ಚೆಂಡು ಹದಿನಾಲ್ಕೂ ಅದಾವಲ್ರೀ?”

ನಾನು ಉತ್ತರ ಕೊಟ್ಟೆ. ಆಮೇಲೆ ಬಹಳ ಹೊತ್ತು ಪಡಸಾಲೆಯಲ್ಲಿ ಕುಳಿತಿದ್ದೆ. ಆಯಿಯ ಪ್ರಶ್ನೆಗೆ ಉತ್ತರ ಅಂದು ಹೊಳೆಯಿತು, ಆದರೆ ಅದು ನನಗೆ ಹಿತವಾದ ಉತ್ತರವಾಗಿರಲಿಲ್ಲ. ಬುಟ್ಟಿಗೆ ತಳವಿದ್ದುದರಿಂದಲೇ ನೈಸ್ಮಿತನ ಆಟ ಪ್ರತಿಸಲವೂ ನಿಂತುಬಿಡುತ್ತಿತ್ತು. ಮಕ್ಕಳಿಗೆ ಆ ಕತೆ ಹೇಳಿದ ನಾನೇ ನನ್ನ ಶಿಬಿರಕ್ಕೆ ಒಂದು ತಳ ಹೊಲಿದಿದ್ದೆ. ಪಂದ್ಯ, ಪ್ರಮಾಣಪತ್ರ, ಚಪ್ಪಾಳೆ ಎಲ್ಲವನ್ನೂ ಹತ್ತನೆಯ ದಿನಕ್ಕೆಂದು ಕೂಡಿಟ್ಟೆ. ಠೇವಣಿ ಇಟ್ಟು ಅವಧಿ ಮುಗಿದ ಮೇಲೆ ಬಡ್ಡಿ ಸಮೇತ ಕೊಡುವುದು ಬ್ಯಾಂಕಿನವನ ಬುದ್ಧಿ. ಅವಧಿ ಮುಗಿಯುವವರೆಗೆ ಊರಿನಲ್ಲಿ ಇರುವ ಭರವಸೆ ಇದ್ದವರಿಗೆ ಅದು ಸರಿ. ಗುಳೆ ಹೋಗುವವರ ಮಕ್ಕಳಿಗೆ ಇಂದಿನದು ಇಂದೇ ಕೈಗೆ ಬರಬೇಕು.

ಜೂನಿನಲ್ಲಿ ಶಾಲೆ ತೆರೆಯಿತು. ಮೊದಲ ವಾರ ಹುಡುಗಿ ಬರಲಿಲ್ಲ. ತಮ್ಮ ಆಕೆಯ ತಂದೆಗೆ ನಾಲ್ಕಾರು ಸಲ ಫೋನು ಮಾಡಿದ. ಸುರಪುರದ ಶಿಕ್ಷಕಿ ಓಡಾಡಿ, ಬಾಲಕಿಯರ ಸರ್ಕಾರಿ ವಸತಿನಿಲಯದಲ್ಲಿ ಒಂದು ಸ್ಥಳ ಖಾಲಿಯಿರುವುದನ್ನು ಪತ್ತೆಮಾಡಿದರು. ಕೊನೆಗೆ, ಹಿಂದೆ ಎಂದೂ ರೈಲು ಹತ್ತದ ಆಯಿ ತಾನೇ ಬೆಂಗಳೂರಿಗೆ ಹೋಗಿ, ಮಗ ಸೊಸೆಯೊಡನೆ ಎರಡು ದಿನ ಜಗಳವಾಡಿ, ಮೊಮ್ಮಗಳನ್ನು ಕರೆದುಕೊಂಡು ಬಂದಳು. ಚಿಕ್ಕ ಮೊಮ್ಮಗನನ್ನೂ ಕಂಕುಳಲ್ಲಿ ಎತ್ತಿಕೊಂಡು ಬಂದಳು, ನೋಡಿಕೊಳ್ಳುವವರಿಲ್ಲ ಎಂಬ ನೆವವೇ ಉಳಿಯದಂತೆ. ಬ್ಯಾಸ್ಕೆಟ್‌ಬಾಲಿನಿಂದ ಹೀಗಾಯಿತೆಂದು ಬರೆದರೆ ಕತೆಗೆ ಅಂದವಾಗುತ್ತಿತ್ತು. ಆದರೆ ಹಾಗೆ ಹೇಳುವ ಹಕ್ಕು ನನಗಿಲ್ಲ. ಫೋನು, ವಸತಿನಿಲಯದ ಆ ಒಂದು ಸ್ಥಳ, ಮುದುಕಿಯ ಹಟ ಎಲ್ಲವೂ ಸೇರಿ ಆದ ಕೆಲಸ ಅದು.

ಜುಲೈ ತಿಂಗಳಿನಲ್ಲಿ ನಾನು ಶಹಾಪುರಕ್ಕೆ ಹೋದಾಗ ಪ್ರಮಾಣಪತ್ರವನ್ನು ಕೊಟ್ಟೆ. ಹುಡುಗಿ ಅದನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡು, “ಸರ, ಮ್ಯಾಚ್?” ಎಂದಳು. ಹತ್ತು ಜನ ಸಿಗಲಿಲ್ಲ. ಆರು ಜನ ಸಿಕ್ಕರು. ಮೂವರು ಮೂವರಂತೆ ಒಂದೇ ಬಳೆಗೆ ಆಡುವ ಆಟವೂ ಈಗ ಒಲಿಂಪಿಕ್ಸಿನಲ್ಲಿದೆ. 2021ರಲ್ಲಿ ಟೋಕಿಯೋದಲ್ಲಿ ಮೊದಲು ಆಡಿದರು. ನಾವೂ ಹಾಗೆಯೇ ಆಡಿಸಿದೆವು. ತುಂತುರು ಮಳೆ ಹನಿಯುತ್ತಿತ್ತು. ಯಾರೂ ಭಾಷಣ ಮಾಡಲಿಲ್ಲ. ಇಪ್ಪತ್ತು ನಿಮಿಷ ಆಡಿ, ನೆನೆದು, ನಕ್ಕು, ಮನೆಗೆ ಹೋದರು. ಚೆಂಡು ಒಂದೇ ಇದ್ದಿತು. ಆದರೂ ಅದನ್ನು ಒಳಗಿಟ್ಟೇ ಆಕೆ ಹೊರಟಳು. ಬೇವಿನ ಕೆಳಗೆ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಆಯಿ, “ಬಿದ್ದದ್ದು ಮತ್ತ ಕೈಗೇ ಬರ್ತದ, ಅಲ್ಲೇನು?” ಎಂದಳು. ಹೌದೆಂದೆ.

ಬರುವ ಬೇಸಿಗೆಯ ನೋಟುಬುಕ್ಕು ಈಗಾಗಲೇ ತೆರೆದಿದ್ದೇವೆ. ಇಂಥ ಶಿಬಿರವನ್ನು ನಿಮ್ಮ ಊರಿನಲ್ಲಿ ನಡೆಸುವ ಮನಸ್ಸಿರುವ ವಾಚಕರಿಗೆ ಉಪಯೋಗವಾದೀತೆಂದು ಅದರ ಮೊದಲ ಪುಟವನ್ನು ಇಲ್ಲಿ ಹೇಳಿಬಿಡುತ್ತೇನೆ. ಮೊದಲನೆಯದು ಚಿಲಕ. ಎರಡನೆಯದು, ಪ್ರತಿ ಮಗುವೂ ಯಾವ ಯಾವ ದಿನ ಊರಿನಲ್ಲಿರುತ್ತದೆಂದು ಮನೆಗೆ ಹೋಗಿ ಕೇಳಿಕೊಂಡು ಬರುವುದು. ಮೂರನೆಯದು, ಪ್ರತಿದಿನ ಬೆಳಿಗ್ಗೆ ಕೊನೆಯ ಇಪ್ಪತ್ತು ನಿಮಿಷ ನಿಜವಾದ ಪಂದ್ಯ. ಅಂದು ಬಂದವರಿಗೆ ಅಂದೇ ಸೋಲು ಗೆಲುವು. ನಾಲ್ಕನೆಯದು ನೀರು. ಚೆಂಡು ಐದನೆಯದು. ಶಾಮಿಯಾನದ ಹಣದಲ್ಲಿ ಇನ್ನೂ ಆರು ಚೆಂಡು ಬರುತ್ತವೆ, ಅಲ್ಲಿಗೆ ಇಪ್ಪತ್ತು.

ಮುಖ್ಯ ಅತಿಥಿಗಳ ಹೆಸರಿನ ಜಾಗವನ್ನು ಮಾತ್ರ ತಮ್ಮ ಖಾಲಿ ಬಿಟ್ಟಿದ್ದಾನೆ. ಆಯಿಯನ್ನೇ ಕೇಳೋಣವೆಂದಿದ್ದೇನೆ. ಆಕೆ ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಕುರ್ಚಿಯನ್ನೂ ಕೇಳುವುದಿಲ್ಲ.